ಕುಡಿಯದವರ ಕತೆ ಏನಾಯಿತು?



ನಮ್ಮ ಹೊಸಪೇಟೆಯಲ್ಲಿ ದತ್ತಿ ಉಪನ್ಯಾಸವೆಂದರೆ ವಚನ, ದಾಸರ ಪದ, ಇಲ್ಲವೇ ವಿಜಯನಗರದ ಇತಿಹಾಸ. ಈ ಸಲ ಕಿಡ್ನಿಯ ಬಗ್ಗೆ ಮಾತಾಡಿ ಎಂದಿರಿ. ಕಾಯಿಲೆಯ ವಿವರ ನಿಮ್ಮ ಡಾಕ್ಟರೇ ಹೇಳುತ್ತಾರೆ. ನನ್ನ ಮಾತು ಅದರ ಪಕ್ಕದ್ದು: ಇದು ಕಿಡ್ನಿಗೆ ಒಳ್ಳೆಯದು, ಅದು ಕೆಟ್ಟದ್ದು ಎಂದು ಯಾರಾದರೂ ಹೇಳಿದಾಗ ನಂಬುವುದೋ ಬಿಡುವುದೋ ಎಂದು ತೀರ್ಮಾನಿಸುವುದು ಹೇಗೆ? ಹೇಳಿದವರು ನೆರೆಮನೆಯ ಅಜ್ಜಿಯಾದರೂ ಸರಿ, ದೊಡ್ಡ ವೈದ್ಯಕೀಯ ಪತ್ರಿಕೆಯಾದರೂ ಸರಿ.

ಕಮಲಾಪುರ, ಹಂಪಿ, ಕಂಪ್ಲಿ ಸೀಮೆಯಲ್ಲಿ ಬಾಳೆಗೆ ಬರವಿಲ್ಲ. ಕಿಡ್ನಿಯಲ್ಲಿ ಕಲ್ಲು ಎಂದೊಡನೆ ಬಾಳೆದಿಂಡಿನ ರಸ ಕುಡಿ ಎನ್ನುವವರಿಗೂ ಬರವಿಲ್ಲ. ಕುಡಿದ ಎಷ್ಟೋ ಜನರ ಕಲ್ಲು ಬಿದ್ದುಹೋಗಿದೆ, ಅವರು ಸುಳ್ಳಾಡುತ್ತಿಲ್ಲ. ಆದರೆ ಕುಡಿಯದವರ ಕತೆ ಏನಾಯಿತು? ಏನೂ ಮಾಡದೆ ಕಲ್ಲು ಬಿದ್ದವನು ಅದನ್ನು ಊರಿಗೆಲ್ಲ ಸಾರುವುದಿಲ್ಲವಾದ್ದರಿಂದ ಆ ಲೆಕ್ಕ ನಮ್ಮ ಕಿವಿಗೆ ಬೀಳುವುದೇ ಇಲ್ಲ.

ಬ್ರಿಟನ್ನಿನಲ್ಲಿ ಅದನ್ನು ಲೆಕ್ಕ ಹಾಕಿದರು. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪ್ರಯೋಗವದು. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡ 1,167 ಜನರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಟಾಮ್ಸುಲೋಸಿನ್, ಇನ್ನೊಂದಕ್ಕೆ ನಿಫೆಡಿಪಿನ್, ಮೂರನೆಯದಕ್ಕೆ ಔಷಧವೇ ಇಲ್ಲದ ಹುಸಿ ಮಾತ್ರೆ. ಯಾರ ಕೈಗೆ ಯಾವುದು ಬಂತೆಂದು ರೋಗಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ನಾಲ್ಕು ವಾರದೊಳಗೆ ಬೇರೆ ಚಿಕಿತ್ಸೆಯ ಅಗತ್ಯ ಬೀಳದವರು ಟಾಮ್ಸುಲೋಸಿನ್ ಗುಂಪಿನಲ್ಲಿ 100ಕ್ಕೆ 81, ನಿಫೆಡಿಪಿನ್‌ನಲ್ಲಿ 80, ಹುಸಿ ಮಾತ್ರೆಯಲ್ಲೂ 80! ಅಲ್ಲಿಯವರೆಗೆ ಕಲ್ಲು ಬೀಳಲೆಂದು ಲೋಕವೆಲ್ಲ ಈ ಮಾತ್ರೆಗಳನ್ನು ಬರೆದುಕೊಡುತ್ತಿತ್ತು. 5 ಮಿ.ಮೀ.ಗಿಂತ ದೊಡ್ಡ ಕಲ್ಲಿಗೆ ಟಾಮ್ಸುಲೋಸಿನ್ ಉಪಯೋಗಕ್ಕೆ ಬರುತ್ತದೆ ಎಂದು ಆಮೇಲಿನ ಕೆಲವು ಪ್ರಯೋಗಗಳು ಹೇಳಿವೆ, ಆ ಮಾತು ಬೇರೆ. ಹುಸಿ ಮಾತ್ರೆಯ ಜಾಗದಲ್ಲಿ ಬಾಳೆದಿಂಡು ಕೊಟ್ಟಿದ್ದರೆ ಅದಕ್ಕೂ 80 ಅಂಕ ಬರುತ್ತಿತ್ತೇನೋ. ಕುಡಿಯಬೇಡಿ ಎನ್ನುತ್ತಿಲ್ಲ. ಆದರೆ ಕಿಡ್ನಿಯೇ ಸೋತವರು ಮಾತ್ರ ಕುಡಿಯಬಾರದು, ದಿಂಡಿನಲ್ಲಿ ಪೊಟ್ಯಾಸಿಯಂ ಹೆಚ್ಚು.

ಕೆಡುಕಿನ ಕಾರಣ ಹುಡುಕುವಾಗಲೂ ಇದೇ ಲೆಕ್ಕ ಬೇಕು. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ನಡೆದದ್ದನ್ನು ಯಾರೂ ಮರೆತಿಲ್ಲ. ಆ ತಿಂಗಳ 9ರಿಂದ 11ರವರೆಗೆ 34 ಸಿಸೇರಿಯನ್ ಆದವು, ಅವರಲ್ಲಿ 7 ಬಾಣಂತಿಯರಿಗೆ ಕಿಡ್ನಿ ಮತ್ತು ಬೇರೆ ಅಂಗಗಳು ಕೈಕೊಟ್ಟವು ಎಂದು ಸರ್ಕಾರವೇ ಹೇಳಿತು. ಐವರು ಉಳಿಯಲಿಲ್ಲ. ಗುಮಾನಿ ಹೋದದ್ದು ಗ್ಲೂಕೋಸ್ ಬಾಟಲಿಯಂತೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಗುಮಾನಿಗೆ ಕಾರಣವಿತ್ತು: ಅದೇ ಸರಬರಾಜಿನ ಕೆಲವು ಬ್ಯಾಚುಗಳು ರಾಜ್ಯದ ಪ್ರಯೋಗಾಲಯದಲ್ಲಿ ಫೇಲಾಗಿ, ಕೇಂದ್ರದ ಪ್ರಯೋಗಾಲಯದಲ್ಲಿ ಪಾಸಾಗಿದ್ದವು. ಸಿಟ್ಟಿನಲ್ಲಿ ನಾವೆಲ್ಲ ಆ ಏಳು ಜನರ ಬಗ್ಗೆಯೇ ಕೇಳಿದೆವು. ತನಿಖೆ ಮಾಡುವವರು ಉಳಿದ 27 ಜನರ ಕೇಸ್ ಶೀಟುಗಳನ್ನೂ ಅಷ್ಟೇ ಜೋಪಾನವಾಗಿ ಓದಬೇಕು. ಅವರಿಗೂ ಅದೇ ಬ್ಯಾಚಿನ ಬಾಟಲಿ ಏರಿತ್ತೇ? ಏರಿದ್ದರೆ ಅವರು ಹೇಗೆ ಪಾರಾದರು? ಚೆನ್ನಾಗಿ ಮನೆಗೆ ಹೋದವರ ಕಾಗದ ನೋಡದೆ, ತೀರಿಕೊಂಡವರ ಸಾವಿನ ಕಾರಣ ಸಿಕ್ಕುವುದು ಕಷ್ಟ.

ಇನ್ನು ರಿಪೋರ್ಟಿನ ಅಂಕಿಗೆ ಬರುತ್ತೇನೆ. ನಮ್ಮಲ್ಲಿ ‘ಕ್ರಿಯಾಟಿನಿನ್ ಎಷ್ಟು?’ ಎಂದು ಕೇಳದ ನೆಂಟರಿಲ್ಲ. ಕಿಡ್ನಿ ಸೋಸಿ ಹೊರಹಾಕಬೇಕಾದ ಈ ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಲ್ಲಿ. ಆದ್ದರಿಂದ ಜಿಮ್ಮಿಗೆ ಹೋಗುವ ಹುಡುಗನ 1.2 ಮತ್ತು ಸಂಡೂರಿನ ತಾಂಡಾದ ಸಣಕಲು ಮುದುಕಿಯ 1.2 ಒಂದೇ ಅಲ್ಲ. ಮುದುಕಿಯ ಕಿಡ್ನಿ ಅರ್ಧದಷ್ಟು ಸೋತಿರಬಹುದು.

ಅಂಕಿಯನ್ನೇ ನಂಬಿ ಕೆಟ್ಟ ದೊಡ್ಡ ಉದಾಹರಣೆ ಬಾರ್ಡಾಕ್ಸೊಲೋನ್. ಸಕ್ಕರೆ ಕಾಯಿಲೆಯಿಂದ ಕಿಡ್ನಿ ತೀರಾ ಸೋತವರಿಗೆ ಈ ಔಷಧ ಕೊಟ್ಟರೆ ಕಿಡ್ನಿ ಸೋಸುವ ಪ್ರಮಾಣದ ಅಂಕಿ ಏರುತ್ತಿತ್ತು. ಎಲ್ಲರೂ ಹಿಗ್ಗಿದರು. 2,185 ಜನರ ಮೇಲೆ ದೊಡ್ಡ ಪ್ರಯೋಗ ನಡೆಸಿದಾಗ ರಿಪೋರ್ಟು ಸುಧಾರಿಸುತ್ತಲೇ ಇತ್ತು, ಜನ ಮಾತ್ರ ಹೃದಯ ಸೋತು ಆಸ್ಪತ್ರೆ ಸೇರತೊಡಗಿದರು. 2012ರ ಅಕ್ಟೋಬರಿನಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು.

ಡಾಪಾಗ್ಲಿಫ್ಲೋಜಿನ್ ಎಂಬ ಇನ್ನೊಂದು ಔಷಧದ್ದು ಇದಕ್ಕೆ ತಿರುಗುಮುರುಗು. ಮಾತ್ರೆ ಶುರುಮಾಡಿದ ಮೊದಲ ವಾರಗಳಲ್ಲಿ ಆ ಅಂಕಿ ತುಸು ಇಳಿಯುತ್ತದೆ. ರಿಪೋರ್ಟು ಹಿಡಿದು ಹೆದರಿ ಮಾತ್ರೆ ಬಿಡುವವರುಂಟು. ಆದರೆ 2020ರಲ್ಲಿ ಪ್ರಕಟವಾದ, ಕಿಡ್ನಿ ಕಾಯಿಲೆಯ 4,304 ಜನರ ಪ್ರಯೋಗ ಬೇರೆಯೇ ಹೇಳಿತು. ನಮ್ಮ ದೇಶದವರೂ ಅದರಲ್ಲಿದ್ದರು. ಸುಮಾರು 2.4 ವರ್ಷದಲ್ಲಿ ಕಿಡ್ನಿ ಅರ್ಧಕ್ಕರ್ಧ ಕುಸಿದವರು, ಡಯಾಲಿಸಿಸ್ ಹಂತ ಮುಟ್ಟಿದವರು, ಕಿಡ್ನಿ ಅಥವಾ ಹೃದಯದ ಕಾರಣಕ್ಕೆ ತೀರಿಕೊಂಡವರು ಎಲ್ಲ ಸೇರಿ ಹುಸಿ ಮಾತ್ರೆಯವರಲ್ಲಿ ಶೇ. 14.5, ಔಷಧ ತೆಗೆದುಕೊಂಡವರಲ್ಲಿ ಶೇ. 9.2. ‘ಅಪಾಯ ಶೇ. 39 ಇಳಿಕೆ’ ಎಂಬ ಜಾಹೀರಾತಿನ ಮಾತು ಸುಳ್ಳಲ್ಲ. ಆದರೆ 19 ಜನ ಅಷ್ಟು ಕಾಲ ನುಂಗಿದರೆ ಒಬ್ಬರು ಪಾರಾಗುತ್ತಾರೆ ಎಂಬುದೂ ಅದೇ ಲೆಕ್ಕ. ನನಗೆ ಎರಡನೆಯ ಮಾತೇ ಇಷ್ಟ, ಅದರಲ್ಲಿ ಜನ ಕಾಣುತ್ತಾರೆ. ಬಾರ್ಡಾಕ್ಸೊಲೋನ್, ಡಾಪಾಗ್ಲಿಫ್ಲೋಜಿನ್ ಎರಡರ ಪ್ರಯೋಗಗಳಿಗೂ ದುಡ್ಡು ಹಾಕಿದ್ದು ಔಷಧ ಕಂಪನಿಗಳೇ, ಎರಡರ ಫಲವೂ ಬಯಲಿಗೆ ಬಂತು. ಆದ್ದರಿಂದ ಕಂಪನಿಯದು ಎಂದೊಡನೆ ತಳ್ಳಿಹಾಕುವ ನಮ್ಮ ಚಾಳಿಯನ್ನೂ ನಾನು ಒಪ್ಪುವುದಿಲ್ಲ.

ನಮ್ಮ ಸೀಮೆಯಲ್ಲಿ ಎಷ್ಟು ಜನರಿಗೆ ಕಿಡ್ನಿ ಕಾಯಿಲೆ ಇದೆ? 2013ರಲ್ಲಿ ಪ್ರಕಟವಾದ ಅಖಿಲ ಭಾರತ ಸಮೀಕ್ಷೆಯೊಂದು ಶೇ. 17.2 ಎಂದಿತು. ಒಳಗೆ ಕಣ್ಣಾಡಿಸಿದರೆ ಮೈಸೂರಿನಲ್ಲಿ ಶೇ. 4ರ ಆಸುಪಾಸು, ವಿಶಾಖಪಟ್ಟಣದಲ್ಲಿ ಶೇ. 40 ದಾಟಿದೆ. ಶಿಬಿರಕ್ಕೆ ತಾವಾಗಿ ಬಂದವರನ್ನು ಒಮ್ಮೆ ಪರೀಕ್ಷಿಸಿ ತೆಗೆದ ಲೆಕ್ಕವಿದು. ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನಬೇಕಾದರೆ ದೋಷ ಮೂರು ತಿಂಗಳಾದರೂ ಉಳಿದಿರಬೇಕು. ಬಿಸಿಲಲ್ಲಿ ದುಡಿದು ನೀರಾರಿ ಬಂದವನ ಕ್ರಿಯಾಟಿನಿನ್ ಅಂದು ಏರಿರುತ್ತದೆ, ನಾಲ್ಕು ದಿನಕ್ಕೆ ಇಳಿಯುತ್ತದೆ.

ಕಾರಣದ ಮಾತೆತ್ತಿದರೆ ಸಂಡೂರಿನಲ್ಲಿ ಗಣಿ ಧೂಳು ಎನ್ನುತ್ತಾರೆ, ಕಂಪ್ಲಿಯಲ್ಲಿ ಗದ್ದೆಗೆ ಹೊಡೆಯುವ ಔಷಧಿ, ಬೋರಿನ ನೀರಿರುವ ಕಡೆ ಫ್ಲೋರೈಡ್. ಇರಬಹುದು. ಶ್ರೀಲಂಕಾದ ಭತ್ತದ ಸೀಮೆಯಲ್ಲಿ ಕಿಡ್ನಿ ಕಾಯಿಲೆ ಹೆಚ್ಚಿದಾಗಲೂ ಹೀಗೇ ಆಯಿತು. 2014ರಲ್ಲಿ ಗಡಸು ನೀರು ಮತ್ತು ಗ್ಲೈಫೋಸೇಟ್ ಎಂಬ ಕಳೆನಾಶಕ ಸೇರಿ ಕಿಡ್ನಿ ಕೆಡಿಸುತ್ತವೆ ಎಂಬ ಊಹೆಯ ಪ್ರಬಂಧ ಬಂತು, 2015ರಲ್ಲಿ ಆ ಕಳೆನಾಶಕಕ್ಕೆ ನಿಷೇಧ, 2018ರಲ್ಲಿ ಚಹಾ ಮತ್ತು ರಬ್ಬರಿಗೆ ಸಡಿಲಿಕೆ. ಕಾಯಿಲೆಯ ಕಾರಣ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ನಿಕರಾಗುವಾ, ಎಲ್ ಸಾಲ್ವಡಾರ್‌ಗಳ ಕಬ್ಬು ಕಡಿಯುವವರ ಕಿಡ್ನಿ ಕಾಯಿಲೆಯಲ್ಲಿ ಬೆರಳು ಬಿಸಿಲಿನ ದುಡಿಮೆಯ ಕಡೆ ತೋರಿಸುತ್ತಿದೆ. ತೊಡಕಿರುವುದು ಇಲ್ಲೇ. ಬಿಸಿಲಲ್ಲಿ ದುಡಿಯುವವನೇ ಆ ಬೋರಿನ ನೀರನ್ನು ಹೆಚ್ಚು ಕುಡಿಯುವವನು, ಅವನೇ ಔಷಧಿ ಹೊಡೆಯುವವನು, ರಾತ್ರಿ ಮೈಕೈ ನೋವಿಗೆ ಮೆಡಿಕಲ್ ಶಾಪಿನ ಮಾತ್ರೆ ನುಂಗುವವನೂ ಅವನೇ. ನೋವಿನ ಮಾತ್ರೆ ಕಿಡ್ನಿ ಕೆಡಿಸಬಲ್ಲದು ಎಂಬುದರಲ್ಲಿ ಸಂಶಯವಿಲ್ಲ. ಸಮೀಕ್ಷೆಯ ಪ್ರಶ್ನಾವಳಿಯಲ್ಲಿ ಅದನ್ನೂ ಕೇಳಬೇಕು.

ಈ ತೊಡಕನ್ನು ಬಿಡಿಸಲು ನಮ್ಮ ಸೀಮೆ ಹೇಳಿಮಾಡಿಸಿದಂತಿದೆ. ತುಂಗಭದ್ರೆಯ ಕಾಲುವೆ ನೀರು ಕುಡಿಯುವ ಊರು, ಬೋರಿನ ಊರು, ಗಣಿಯ ಊರು ಎಲ್ಲ ಒಂದು ಬಸ್ಸಿನ ದಾರಿಯಲ್ಲಿವೆ. ಅದೇ ಬೋರಿನ ನೀರು ಕುಡಿದೂ ನೆರಳಲ್ಲಿ ಕೂತು ದುಡಿಯುವ ದರ್ಜಿ, ಅಂಗಡಿಯವರನ್ನೂ ಎಣಿಕೆಗೆ ಸೇರಿಸಬೇಕು. ಒಬ್ಬೊಬ್ಬರಿಗೂ ಮೂರು ತಿಂಗಳ ಅಂತರದಲ್ಲಿ ಎರಡು ಸಲ ರಕ್ತ, ಮೂತ್ರದ ಪರೀಕ್ಷೆ ಆಗಬೇಕು. ಅದಕ್ಕೆ ಹಣ ಬರುವ ತನಕ ಸರ್ಕಾರಿ ಡಯಾಲಿಸಿಸ್ ಘಟಕದ ರಿಜಿಸ್ಟರಿನಲ್ಲಿ ಹೆಸರು, ವಯಸ್ಸಿನ ಪಕ್ಕ ನಾಲ್ಕು ಕಾಲಂ ಹೆಚ್ಚಿಗೆ ಎಳೆದರೂ ಆದೀತು: ಹುಟ್ಟಿ ಬೆಳೆದ ಊರು, ಮಾಡಿದ ಕೆಲಸ, ಕುಡಿದ ನೀರು, ನುಂಗಿದ ನೋವಿನ ಮಾತ್ರೆ. ಡಯಾಲಿಸಿಸ್ ಘಟಕದವರೆಗೆ ಬಂದು ಮುಟ್ಟಲಾಗದವರ ಲೆಕ್ಕ ಅದರಲ್ಲಿ ಸಿಕ್ಕುವುದಿಲ್ಲ, ಅದನ್ನು ಆಶಾ ಕಾರ್ಯಕರ್ತೆಯರನ್ನೇ ಕೇಳಬೇಕು.