ನೀರಿನ ಒತ್ತಡ ಸಾಲದ ಮನೆಗೆ ವಿದ್ಯುತ್ ಷವರ್

ನಮ್ಮ ಪಟ್ಟಣಗಳ ಬಚ್ಚಲುಮನೆಗಳಿಂದ ತಾಮ್ರದ ಹಂಡೆಯೂ ಸೌದೆಯ ಒಲೆಯೂ ಬಹುಮಟ್ಟಿಗೆ ಮರೆಯಾಗಿವೆ. ಗುಂಡಿ ಒತ್ತಿದರೆ ಸಾಕು, ತಲೆಯ ಮೇಲೆ ಬಿಸಿನೀರು ತುಂತುರಾಗಿ ಸುರಿಯುತ್ತದೆಂದು ಅಂಗಡಿಯವನು ಹೇಳುತ್ತಾನೆ. ಮನೆಯವರು ನಂಬಿ ಕೊಂಡುತರುತ್ತಾರೆ. ಗೋಡೆಗೆ ಕೂರಿಸಿ ನಲ್ಲಿ ತಿರುಗಿಸಿದರೆ ದಾರದ ಎಳೆಯಂತೆ ನೀರು ಜಿನುಗುತ್ತದೆ, ಯಂತ್ರದ ಕೆಂಪು ದೀಪ ಹೊತ್ತುವುದೇ ಇಲ್ಲ. ಯಂತ್ರ ಕೆಟ್ಟಿತೆಂದು ಅಂಗಡಿಗೆ ಓಡುವ ಮೊದಲು ತಾರಸಿಯ ಕಡೆ ಒಮ್ಮೆ ಕಣ್ಣು ಹಾಯಿಸುವುದು ಲೇಸು.

ಮನೆಯ ಮೇಲಿನ ತೊಟ್ಟಿಯಿಂದ ಇಳಿಯುವ ನೀರಿನ ಒತ್ತಡವನ್ನು ನಿರ್ಧರಿಸುವುದು ಎತ್ತರವೊಂದೇ. ತೊಟ್ಟಿ 500 ಲೀಟರಿನದೋ 2,000 ಲೀಟರಿನದೋ ಎಂಬುದು ಲೆಕ್ಕಕ್ಕಿಲ್ಲ. ಹತ್ತು ಮೀಟರು ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ಒಂದು ಮೀಟರು, ಅದರ ಹತ್ತನೆಯ ಒಂದು ಪಾಲು. ಈಗ ಸಾಮಾನ್ಯವಾದ ಒಂದು ಮನೆಯನ್ನು ತೆಗೆದುಕೊಳ್ಳಿ. ತಾರಸಿ 10 ಅಡಿ ಎತ್ತರ, ತೊಟ್ಟಿ ಅದರ ಮೇಲೆಯೇ ಕುಳಿತಿದೆ, ಷವರಿನ ಬಾಯಿ ನೆಲದಿಂದ 7 ಅಡಿ. ತೊಟ್ಟಿಯ ತಳಕ್ಕೂ ಷವರಿಗೂ ಮೂರೇ ಅಡಿ ಅಂತರ. ತೊಟ್ಟಿಯಲ್ಲಿ ಮೂರಡಿ ನೀರು ತುಂಬಿದ್ದರೂ ಒಟ್ಟು ಆರಡಿಯಾಯಿತು, ಎಂದರೆ 0.2 ಬಾರನ್ನೂ ಮುಟ್ಟಲಿಲ್ಲ. ಅದೇ ಬಚ್ಚಲಿನಲ್ಲಿ ಬಕೀಟಿಗೆ ನೀರು ಹಿಡಿಯುವ ನಲ್ಲಿ ನೆಲದಿಂದ ಎರಡಡಿ ಮೇಲಿರುತ್ತದೆ. ಅದಕ್ಕೆ ಐದಡಿಯ ಹೆಚ್ಚಿನ ಲಾಭ. ಬಕೀಟು ಭರ್ರನೆ ತುಂಬುವಲ್ಲಿ ಷವರು ಏಕೆ ಅಳುತ್ತದೆಂಬ ಪ್ರಶ್ನೆಗೆ ಇಷ್ಟೇ ಉತ್ತರ. ಮಹಡಿಯ ಮನೆಗಳಲ್ಲಂತೂ ಕೆಳಗಿನ ಬಾಡಿಗೆದಾರರಿಗೆ ಸುಖಸ್ನಾನ, ಮೇಲಿರುವ ಯಜಮಾನರಿಗೆ ಹನಿಹನಿ!

ನೀರು ಹರಿಯುವಾಗಲೇ ಕಾಯಿಸುವ ಯಂತ್ರದೊಳಗೆ ಒಂದು ಕಾವಲು ಇರುತ್ತದೆ. ಸಾಕಷ್ಟು ನೀರು ಹರಿಯುತ್ತಿದೆಯೆಂದು ತಿಳಿದ ಮೇಲೆಯೇ ಅದು ಸುರುಳಿಗೆ ವಿದ್ಯುತ್ತನ್ನು ಬಿಡುತ್ತದೆ. ಇಲ್ಲವಾದರೆ ನೀರು ಕುದಿದು ಸುರುಳಿ ಸುಟ್ಟೀತು. ಆದ್ದರಿಂದ ದೀಪ ಹೊತ್ತದಿರುವುದು ಯಂತ್ರದ ದೋಷವಲ್ಲ, ಅದರ ಜಾಣತನ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಬರೆದಿರುವ ಕನಿಷ್ಠ ಒತ್ತಡವನ್ನು ಓದಿಕೊಳ್ಳಿ. ಮನೆಯಲ್ಲಿ ಷವರಿನ ಎತ್ತರಕ್ಕೇ ಬಕೀಟನ್ನು ಎತ್ತಿ ಹಿಡಿದು, ಒಂದು ನಿಮಿಷಕ್ಕೆ ಎಷ್ಟು ಲೀಟರು ಬೀಳುತ್ತದೆಂದು ಅಳೆಯಿರಿ. ನೀರು ತೀರ ಕಡಿಮೆ ಎಂದು ಕಂಡರೆ ಮೊದಲು ಕೊಳಾಯಿಯನ್ನೇ ಶಂಕಿಸಬೇಕು. ಹಳೆಯ ಕಬ್ಬಿಣದ ಕೊಳವೆ ಒಳಗೆ ತುಕ್ಕು ಹಿಡಿದು ಕಿರಿದಾಗಿರಬಹುದು, ಯಾರೋ ಅರ್ಧ ಮುಚ್ಚಿದ ವಾಲ್ವು ಹಾಗೆಯೇ ಉಳಿದಿರಬಹುದು. ತೊಟ್ಟಿಯಿಂದ ಇಳಿಯುವ ಮುಖ್ಯ ಕೊಳವೆ ಅರ್ಧ ಇಂಚಿನದಾಗಿದ್ದರೆ ಒಂದು ಇಂಚಿನದಕ್ಕೆ ಬದಲಾಯಿಸುವುದರಿಂದಲೇ ಎಷ್ಟೋ ಗುಣ ಕಾಣುತ್ತದೆ.

ಹಾಗಾದರೆ ಪಂಪು ಕೂರಿಸಿಬಿಟ್ಟರಾಯಿತಲ್ಲ ಎನ್ನುತ್ತೀರಿ. ತಡೆಯಿರಿ, ಇಲ್ಲೊಂದು ಲೆಕ್ಕವಿದೆ. ನಮ್ಮಲ್ಲಿ ಸಾಮಾನ್ಯವಾಗಿ ಮಾರುವ ಈ ಬಗೆಯ ಯಂತ್ರ 3 ಕಿಲೋವಾಟಿನದು. 22 ಡಿಗ್ರಿಯ ನೀರನ್ನು ಸ್ನಾನಕ್ಕೆ ಹಿತವಾದ 40 ಡಿಗ್ರಿಗೆ ಏರಿಸಬೇಕಾದರೆ ಅದು ನಿಮಿಷಕ್ಕೆ ಎರಡೂವರೆ ಲೀಟರಿಗಿಂತ ತುಸು ಕಡಿಮೆ ನೀರನ್ನಷ್ಟೇ ಕಾಯಿಸಬಲ್ಲದು. ಪಂಪು ಐದು ಲೀಟರನ್ನು ನೂಕಿದರೆ ಅದೇ ಕಾವು ಐದು ಲೀಟರಿಗೆ ಹಂಚಿಹೋಗುತ್ತದೆ. ಧಾರಾಳವಾದ ಉಗುರುಬೆಚ್ಚಗಿನ ನೀರು ಸಿಕ್ಕೀತು, ಬಿಸಿನೀರಲ್ಲ. ಇಂಗ್ಲೆಂಡಿನ ಮನೆಗಳಲ್ಲಿ ಇಂಥ ಷವರುಗಳು 7ರಿಂದ 10 ಕಿಲೋವಾಟಿನವರೆಗೂ ಇರುತ್ತವೆ. ಅಷ್ಟು ಹೊರೆಯನ್ನು ನಮ್ಮ ಸಾಧಾರಣ ಮನೆಗಳ ವಿದ್ಯುತ್ ಸಂಪರ್ಕ ಹೊರಲಾರದು.

ಆದಕಾರಣ ಒತ್ತಡ ಕಡಿಮೆಯಿರುವ ಮನೆಗೆ ನೀರನ್ನು ತುಂಬಿಟ್ಟು ಕಾಯಿಸುವ 15 ಲೀಟರಿನ ಗೀಸರೇ ಮೇಲೆಂಬುದು ನನ್ನ ಅಭಿಪ್ರಾಯ. 2 ಕಿಲೋವಾಟಿನದು ಇಪ್ಪತ್ತು ನಿಮಿಷದಲ್ಲಿ ಅಷ್ಟು ನೀರನ್ನು 60 ಡಿಗ್ರಿಗೆ ತರುತ್ತದೆ. ತಣ್ಣೀರು ಬೆರೆಸಿದರೆ ಸುಮಾರು 30 ಲೀಟರು ಹದವಾದ ನೀರಾಯಿತು. ಹರಿವು ನಿಧಾನವಾಗಿದ್ದರೂ ಇದಕ್ಕೆ ಬೇಸರವಿಲ್ಲ. ನೀರು ರಭಸವಾಗಿಯೇ ಬೀಳಬೇಕೆಂದು ಮಕ್ಕಳು ಹಟ ಹಿಡಿದರೆ, ತೊಟ್ಟಿಯನ್ನು ಐದಾರು ಅಡಿ ಎತ್ತರಿಸಬಹುದು. 500 ಲೀಟರು ನೀರೆಂದರೆ 500 ಕಿಲೋ ಭಾರ. ಕಟ್ಟೆಯನ್ನು ಗೋಡೆಯ ಇಲ್ಲವೇ ತೊಲೆಯ ಮೇಲೆ ಬರುವಂತೆ, ತಿಳಿದವರನ್ನು ಕೇಳಿ ಕಟ್ಟಿಸಿ. ಪಂಪೇ ಬೇಕೆಂದರೆ ಅದು ತೊಟ್ಟಿಯ ಬಳಿ, ತಣ್ಣೀರು ಬಿಸಿನೀರುಗಳ ದಾರಿ ಕವಲೊಡೆಯುವ ಮುಂಚೆಯೇ ಇರಲಿ. ಒಂದಕ್ಕೆ ಮಾತ್ರ ಪಂಪು ಹಚ್ಚಿದರೆ ಬಲವಾದ ನೀರು ದುರ್ಬಲವಾದುದನ್ನು ಹಿಂದಕ್ಕೆ ತಳ್ಳುತ್ತದೆ. ಗೀಸರು ತಡೆದುಕೊಳ್ಳುವ ಗರಿಷ್ಠ ಒತ್ತಡವನ್ನು ಪಂಪು ಮೀರಬಾರದು. ಬೀದಿಯ ಕೊಳಾಯಿಗೆ ನೇರವಾಗಿ ಪಂಪು ಹಚ್ಚುವ ಮಾತನ್ನಂತೂ ಆಡಲೇಬೇಡಿ. ಅದು ನೆರೆಯವರ ನೀರನ್ನು ಕಸಿಯುವುದಲ್ಲದೆ, ಬಿರುಕು ಬಿಟ್ಟ ಕೊಳವೆಯ ಮೂಲಕ ಚರಂಡಿಯ ಕೊಳೆಯನ್ನೂ ಒಳಗೆಳೆಯುತ್ತದೆ.

ಇನ್ನು ವಿದ್ಯುತ್ತಿನ ಮಾತು. ಇಲ್ಲಿ ಮಾತ್ರ ಜಿಪುಣತನ ಕೂಡದು. 3 ಕಿಲೋವಾಟಿನ ಯಂತ್ರ 13 ಆಂಪಿಯರ್ ಎಳೆಯುತ್ತದೆ. ದೀಪ, ಫ್ಯಾನುಗಳ ತಂತಿಗೆ ಅದನ್ನು ಸಿಕ್ಕಿಸಿದರೆ ತಂತಿ ಕಾದು ಹೊದಿಕೆ ಕರಗುತ್ತದೆ. ಅದಕ್ಕೇ ಬೇರೆ ತಾಮ್ರದ ತಂತಿ, 16 ಆಂಪಿಯರಿನ ಸಾಕೆಟ್ಟು, ಬಚ್ಚಲಿನ ಹೊರಗೆ ಸ್ವಿಚ್ಚು ಇರಬೇಕು. ಹಿಂದೆ ಎಷ್ಟೋ ಮನೆಗಳಲ್ಲಿ ಕಬ್ಬಿಣದ ಕೊಳಾಯಿಗೇ ತಂತಿ ಸುತ್ತಿ ಅದನ್ನೇ ಅರ್ತ್ ಎನ್ನುತ್ತಿದ್ದರು. ಈಗ ಕೊಳವೆಗಳು ಪ್ಲಾಸ್ಟಿಕ್ಕಿನವು. ಅವು ವಿದ್ಯುತ್ತನ್ನು ನೆಲಕ್ಕೆ ಒಯ್ಯಲಾರವು. ಹೊರಗೆ ಗುಂಡಿ ತೋಡಿ ಮಾಡಿದ ಸರಿಯಾದ ಅರ್ತ್ ಇದೆಯೇ ಎಂದು ಲೈಸೆನ್ಸ್ ಪಡೆದ ಕೆಲಸಗಾರನಿಂದ ಪರೀಕ್ಷಿಸಿರಿ. ಜೊತೆಗೆ 30 ಮಿಲಿಆಂಪಿಯರ್ ಸೋರಿದೊಡನೆ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ. ಇರಲಿ. ಒದ್ದೆ ಮೈಯಲ್ಲಿ ನಿಂತವರ ಪ್ರಾಣ ಕಾಯುವುದು ಅದೇ. ಸಾಮಾನ್ಯ ಫ್ಯೂಸು ಅಷ್ಟು ಸಣ್ಣ ಸೋರಿಕೆಗೆ ಕಣ್ಣು ಬಿಡುವುದೂ ಇಲ್ಲ. ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ.

ಹೊಸ ಗೀಸರಿಗೆ ಮೊದಲ ಸಲ ಸ್ವಿಚ್ಚು ಹಾಕುವ ಮುನ್ನ ಬಿಸಿನೀರಿನ ನಲ್ಲಿ ತೆರೆದು, ಗಾಳಿಯೆಲ್ಲ ಹೋಗಿ ನೀರು ಒಂದೇ ಸಮನೆ ಬರುವವರೆಗೆ ಕಾಯಬೇಕು. ಕೊಳವೆಬಾವಿಯ ಗಡಸು ನೀರಿನ ಊರುಗಳಲ್ಲಿ ಕೆಲವು ತಿಂಗಳಲ್ಲೇ ಷವರಿನ ತೂತುಗಳಿಗೆ ಬಿಳಿಯ ಸುಣ್ಣ ಕಟ್ಟುತ್ತದೆ. ಅದನ್ನು ಬಿಚ್ಚಿ, ನಿಂಬೆಹಣ್ಣಿನ ರಸ ಹಿಂಡಿದ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ತೂತುಗಳು ಮತ್ತೆ ತೆರೆದುಕೊಳ್ಳುತ್ತವೆ.