ಪ್ರತಿ ಎತ್ತುವ ಎರಡು ಕ್ರಮಗಳು

ಓಲೆಗರಿಯ ಗ್ರಂಥವನ್ನು ಪ್ರತಿಮಾಡುವ ಲಿಪಿಕಾರನೊಬ್ಬನನ್ನು ಊಹಿಸಿಕೊಳ್ಳಿ. ಅವನು ಹೊಸ ಗರಿಗಳ ಮೇಲೆ ಸಂಧಿಗಳ ಹೆಸರನ್ನು ಮಾತ್ರ ಬರೆದು, ‘ಪದ್ಯಗಳನ್ನು ಹಳೆಯ ಕಟ್ಟಿನಲ್ಲಿ ನೋಡುವುದು’ ಎಂದು ಸೂಚಿಸಿ ದಾರ ಬಿಗಿದರೆ, ಕಟ್ಟುಗಳೇನೋ ಎರಡಾದುವು. ಗ್ರಂಥ ಮಾತ್ರ ಒಂದೇ. ಗಣಕಯಂತ್ರದಲ್ಲಿಯೂ ಇಂಥ ಪ್ರತಿಗಳುಂಟು.

ಮಾಹಿತಿಯನ್ನೂ ಅದರ ಮೇಲೆ ನಡೆಯುವ ಕಾರ್ಯಗಳನ್ನೂ ಒಂದಾಗಿ ಕಟ್ಟಿಟ್ಟ ಘಟಕಕ್ಕೆ ಆಬ್ಜೆಕ್ಟ್ ಎಂದು ಹೆಸರು. ಒಂದು ಆಬ್ಜೆಕ್ಟಿನೊಳಗೆ ಇನ್ನೊಂದಿದೆ ಎಂದು ನಾವು ಹೇಳುತ್ತೇವೆ. ಅನೇಕ ಭಾಷೆಗಳಲ್ಲಿ ಅದರೊಳಗಿರುವುದು ಆ ಇನ್ನೊಂದರ ಗುರುತು ಮಾತ್ರ.

1991ರಲ್ಲಿ ಗೈಡೋ ವಾನ್ ರಾಸಮ್ ಅವರು ಹೊರತಂದ ಪೈಥಾನ್ ಭಾಷೆಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಪಟ್ಟಿಯೂ ಒಂದು ಆಬ್ಜೆಕ್ಟು. 40 ವಿದ್ಯಾರ್ಥಿಗಳ ತರಗತಿಯ ಪಟ್ಟಿ ‘ಕ’ ಎಂದಿರಲಿ; ಒಬ್ಬೊಬ್ಬರ ಅಂಕಗಳೂ ಅದರೊಳಗೆ ಒಂದೊಂದು ಕಿರುಪಟ್ಟಿ. ‘ಖ = ಕ’ ಎಂದು ಬರೆದ ಮಾತ್ರಕ್ಕೆ ಪ್ರತಿಯಾಗದು. ಸೂರ್ಯನಿಗೆ ರವಿಯೆಂಬ ಪರ್ಯಾಯಪದವಿದ್ದಂತೆ, ಒಂದೇ ಪಟ್ಟಿಗೆ ಎರಡು ಹೆಸರಾಯಿತು, ಅಷ್ಟೆ.

‘ಕಾಪಿ’ ಎಂಬ ಆಜ್ಞೆಯನ್ನು ಕೊಟ್ಟರೆ ಹೊಸ ಪಟ್ಟಿ ಹುಟ್ಟುತ್ತದೆ. ಅದಕ್ಕೆ 41ನೆಯ ಹೆಸರನ್ನು ಸೇರಿಸಿ ನೋಡಿ. ಮೂಲದಲ್ಲಿ 40 ಮಂದಿಯೇ ಇರುತ್ತಾರೆ. ಇದನ್ನು ಕಂಡು ನಿಶ್ಚಿಂತರಾಗುವುದರಲ್ಲಿಯೇ ಅಪಾಯವಿದೆ. ಕೃಪಾಂಕ ಕೊಟ್ಟರೆ ಎಷ್ಟು ಮಂದಿ ತೇರ್ಗಡೆಯಾದಾರೆಂದು ಲೆಕ್ಕ ಹಾಕಲು, ಪ್ರತಿಯಲ್ಲಿ ಒಬ್ಬ ಹುಡುಗಿಯ ಗಣಿತದ 32 ಅಂಕವನ್ನು 35 ಎಂದು ತಿದ್ದಿದಿರೆನ್ನಿ. ಮೂಲದಲ್ಲಿಯೂ 35 ಆಗಿಬಿಡುತ್ತದೆ! ಏಕೆಂದರೆ ಹೊರಗಿನ ಪಟ್ಟಿ ಎರಡಾದರೂ ಒಳಗಿನ ಕಿರುಪಟ್ಟಿಗಳು ಎರಡಕ್ಕೂ ಸಮಾನ. ಯಂತ್ರವು ತಪ್ಪೆಂದು ಎಚ್ಚರಿಸುವುದಿಲ್ಲ; ಆ ಹುಡುಗಿ ನಿಜವಾಗಿ ಪಡೆದ ಅಂಕ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಇದೇ ಶ್ಯಾಲೋ ಕಾಪಿ, ಅಂದರೆ ಮೇಲುಪ್ರತಿ.

‘ಡೀಪ್‌ಕಾಪಿ’ ಎಂಬ ಆಜ್ಞೆಯಾದರೋ ಒಳಗಿನ ಕಿರುಪಟ್ಟಿಗಳನ್ನೂ ಹೊಸದಾಗಿ ರಚಿಸುತ್ತದೆ. ಇದು ಆಳಪ್ರತಿ, ಇಲ್ಲಿ ತಿದ್ದಿದ್ದು ಮೂಲವನ್ನು ಮುಟ್ಟದು. ಆದರೆ ಶಾಲೆಯು ತರಗತಿಯನ್ನೂ, ತರಗತಿಯು ಮರಳಿ ಶಾಲೆಯನ್ನೂ ಸೂಚಿಸುತ್ತಿದ್ದರೆ ಈ ಕೆಲಸಕ್ಕೆ ಕೊನೆಯೆಲ್ಲಿ? ಅದಕ್ಕೂ ಉಪಾಯವುಂಟು. ಈಗಾಗಲೇ ಪ್ರತಿಯಾದವುಗಳ ಟಿಪ್ಪಣಿಯೊಂದನ್ನು ಪೈಥಾನ್ ಇಟ್ಟುಕೊಂಡಿರುತ್ತದೆ. ಅದೇ ಆಬ್ಜೆಕ್ಟು ಮತ್ತೆ ಎದುರಾದಾಗ ಮೊದಲು ಎತ್ತಿದ ಪ್ರತಿಯನ್ನೇ ತೋರಿಸಿ ಮುಂದೆ ಸಾಗುತ್ತದೆ.

ಹಾಗೆಂದು ಆಳಪ್ರತಿಯೇ ಸರ್ವತ್ರ ಶ್ರೇಷ್ಠವೆನ್ನಲಾಗದು. ಅದಕ್ಕೆ ಕಾಲವೂ ಸ್ಥಳವೂ ಹೆಚ್ಚು ಬೇಕು. ಪೈಥಾನಿನಲ್ಲಿ ಸಂಖ್ಯೆಗಳು ಬದಲಾಗುವ ವಸ್ತುಗಳಲ್ಲವಾದ್ದರಿಂದ ಅವನ್ನು ಹಂಚಿಕೊಂಡರೆ ಹಾನಿಯಿಲ್ಲ. ಅಂಕಗಳ ಪ್ರತಿ ಎತ್ತಲು ಹೋಗಿ ಶಾಲೆಯೇ ಎರಡಾಗುವುದೂ ಬೇಡ.

ನಿಮ್ಮ ಮನೆಯಲ್ಲಿ ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳಿದ್ದರೆ ಇದೊಂದನ್ನು ಕೇಳಿ ನೋಡಿ: ‘ನೀನು ಪ್ರತಿಯನ್ನು ತಿದ್ದಿದರೆ ಮೂಲವೂ ಬದಲಾಗಬೇಕೋ, ಬೇಡವೋ?’ ಉತ್ತರವನ್ನು ಮೊದಲು ನಿಶ್ಚಯಿಸಿ, ಆಮೇಲೆ ಆಜ್ಞೆಯನ್ನು ಬರೆಯಲಿ.