ಮೊದಲು ಮಣ್ಣಿನ ಲೆಕ್ಕ, ಆಮೇಲೆ ಅದಿರಿನ ಲೆಕ್ಕ

(ಸಂಡೂರು ಸೀಮೆಯ ರೈತರು ಮತ್ತು ಗಣಿ ಕೂಲಿಗಾರರ ಸಭೆಯಲ್ಲಿ ಮಾಡಿದ ಭಾಷಣ)

ಸಂಗಾತಿಗಳೇ,

ಗಣಿ ಅಗೆದು ಹಾಳಾದ ಗುಡ್ಡದ ಮೇಲೆ ಮತ್ತೆ ಹಸಿರು ಬರಿಸುವುದು ಹೇಗೆಂದು ನಾಲ್ಕು ಮಾತು ಹೇಳಬೇಕೆಂದು ಕೇಳಿದಿರಿ. ವನಮಹೋತ್ಸವದ ದಿನ ಗುಂಡಿ ತೋಡಿ, ಸಸಿಯಿಟ್ಟು, ಫೋಟೋ ತೆಗೆಸಿಕೊಂಡು ಹೋಗುವವರಿಗೆ ಈ ಪ್ರಶ್ನೆ ಬಹಳ ಸುಲಭ. ಎರಡನೆಯ ಬೇಸಗೆಗೆ ಆ ಸಸಿ ಏನಾಯಿತೆಂದು ನೋಡುವವರು ನಾವು. ಆದ್ದರಿಂದ ನಾವು ಗಿಡದ ಮಾತನ್ನು ಆಮೇಲೆ ಆಡೋಣ. ಮೊದಲು ಮಣ್ಣಿನ ಮಾತು.

2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ ತೀರ್ಪಿನಲ್ಲಿ ಎ, ಬಿ, ಸಿ ಎಂಬ ವಿಂಗಡಣೆಯನ್ನು ಒಪ್ಪಿ, ಅಕ್ರಮ ಮಿತಿಮೀರಿದ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಉಳಿದವರು ನೆಲವನ್ನು ಸರಿಪಡಿಸುವ ಯೋಜನೆಗೆ ಒಳಪಡಬೇಕಾಯಿತು. 2014ರಲ್ಲಿ ಸರ್ಕಾರ ಇದಕ್ಕೆಂದೇ ಒಂದು ನಿಗಮವನ್ನೂ ಸ್ಥಾಪಿಸಿತು. ಹಣ ಕೂಡಿಸಬಹುದು, ನಿಗಮ ಕಟ್ಟಬಹುದು. ಮಣ್ಣನ್ನು ಎಲ್ಲಿಂದ ತರುವುದು?

ಗುಡ್ಡದ ಮೇಲ್ಮಣ್ಣೆಂದರೆ ಹೆಚ್ಚೆಂದರೆ ಒಂದು ಗೇಣು. ಎಷ್ಟೋ ಕಡೆ ನಾಲ್ಕು ಬೆರಳು. ಹುಲ್ಲಿನ ಬೀಜ, ಎಲೆಗೊಬ್ಬರ, ಬೇರಿಗೆ ಸಾರ ಒದಗಿಸುವ ಶಿಲೀಂಧ್ರದ ಎಳೆ, ಎರೆಹುಳು, ಎಲ್ಲವೂ ಅದರಲ್ಲೇ. ಅದರ ಕೆಳಗಿನದು ಮುರ ಮತ್ತು ಕಲ್ಲು; ಅಲ್ಲಿ ಸಸಿ ಬದುಕುವುದು ಕಷ್ಟ. ಈ ಮಣ್ಣನ್ನು ಬೇರೆಯಾಗಿ ತೆಗೆದು, ಬೇರೆಯಾಗಿ ಇರಿಸಿ, ನೆಲ ಸರಿಪಡಿಸಲು ಬಳಸಬೇಕೆಂದು 1988ರ ಖನಿಜ ಸಂರಕ್ಷಣಾ ನಿಯಮಗಳೇ ಹೇಳಿದ್ದವು. ಅವುಗಳ ಸ್ಥಾನದಲ್ಲಿ ಬಂದ 2017ರ ನಿಯಮಗಳೂ ಹೇಳುತ್ತವೆ. ಕಾನೂನಿಗೆ ಬಡತನವಿಲ್ಲ.

ಆದರೆ ನಾವು ಕಂಡದ್ದೇನು? ಒಂದು ಗಣಿಯಲ್ಲಿ ‘ಮೇಲ್ಮಣ್ಣು’ ಎಂದು ಹಲಗೆ ನೆಟ್ಟ ರಾಶಿಯಿತ್ತು. ಮೂರಾಳೆತ್ತರ. ಮೇಲೆ ಸೊಂಪಾಗಿ ಬಳ್ಳಾರಿ ಜಾಲಿ. (ಹೆಸರು ನಮ್ಮದು, ಗಿಡ ಅಮೆರಿಕ ಖಂಡದ್ದು!) ಬುಡ ಅಗೆದರೆ ಅರ್ಧಕ್ಕರ್ಧ ಕಲ್ಲು, ಉಳಿದದ್ದು ಗಾಳಿಯಿಲ್ಲದೆ ಮುಗ್ಗಿದ ಮಣ್ಣು. ಎತ್ತರದ ರಾಶಿಯ ಒಳಗೆ ವರ್ಷಗಟ್ಟಲೆ ಬಿದ್ದ ಮಣ್ಣಿನಲ್ಲಿ ಬೀಜವೂ ಸಾಯುತ್ತದೆ, ಶಿಲೀಂಧ್ರವೂ ಸಾಯುತ್ತದೆ. ರಾಶಿ ಹಾಕಲೇಬೇಕಾದರೆ ಆಳೆತ್ತರ ಮೀರಬಾರದು. ಮೇಲೆ ಹುರುಳಿಯನ್ನೋ ಸೆಣಬನ್ನೋ ಬಿತ್ತಬೇಕು.

ಇದಕ್ಕಿಂತ ಒಳ್ಳೆಯದು, ರಾಶಿಯನ್ನೇ ಹಾಕದಿರುವುದು. ಈ ಬೇಸಗೆಯಲ್ಲಿ ಹೊಸದಾಗಿ ತೆರೆಯುವ ಜಾಗದ ಮಣ್ಣನ್ನು ಕೆಲಸ ಮುಗಿದ ಜಾಗಕ್ಕೆ ನೇರವಾಗಿ ಒಯ್ದು, ಮಳೆಗೆ ಮುಂಚೆ ಹರಡುವುದು. ಪಶ್ಚಿಮ ಆಸ್ಟ್ರೇಲಿಯಾದ ಡಾರ್ಲಿಂಗ್ ಬೆಟ್ಟಗಳ ಬಾಕ್ಸೈಟ್ ಗಣಿಗಳಲ್ಲಿ ಬೀಜವಿರುವ ಮೇಲಿನ ಪದರವನ್ನೇ ಪ್ರತ್ಯೇಕವಾಗಿ ಕೆರೆದು ಹೀಗೆ ಸಾಗಿಸುವ ಪದ್ಧತಿಯಿದೆ. ಅಲ್ಲಿ ಹಳೆಯ ಕಾಡು ಹಾಗೆಯೇ ಮರಳಿ ಬಂತೆಂದು ನಾವು ಹೇಳುವುದಿಲ್ಲ. ಮಣ್ಣಿನಲ್ಲೇ ಇದ್ದ ಬೀಜ ಮೊಳೆತದ್ದಂತೂ ನಿಜ. ಹೀಗೆ ಮಾಡಬೇಕಾದರೆ ಯಾವ ವರ್ಷ ಯಾವ ಅಂಚು ತೆರೆಯುತ್ತದೆ, ಯಾವುದು ಮುಗಿಯುತ್ತದೆ ಎಂಬುದು ಅಗೆಯುವ ಮುಂಚೆಯೇ ಕಾಗದದ ಮೇಲಿರಬೇಕು.

ಇನ್ನು ಲೆಕ್ಕ. ಒಂದು ಹೆಕ್ಟೇರಿಗೆ 15 ಸೆಂಟಿಮೀಟರ್ ಮಣ್ಣು ಹರಡಲು 1,500 ಘನ ಮೀಟರ್ ಬೇಕು. ಹತ್ತು ಘನ ಮೀಟರಿನ ಟಿಪ್ಪರಿನಲ್ಲಿ 150 ಲೋಡು. ಕೆರೆದಾಗ ಸಿಕ್ಕಿದ್ದು 5 ಸೆಂಟಿಮೀಟರ್ ಮಾತ್ರವಾದರೆ 50 ಲೋಡು. ಉಳಿದ ನೂರು ಲೋಡು ಎಲ್ಲಿಂದ? ಸಂಗಾತಿಗಳೇ, ಇಲ್ಲಿ ಎಚ್ಚರ ಬೇಕು. ಗುತ್ತಿಗೆದಾರ ಸಾಲದಲ್ಲಿರುವ ರೈತನ ಹೊಲಕ್ಕೆ ಬಂದು ಲೋಡಿಗಿಷ್ಟು ಎಂದು ಮಣ್ಣು ಕೊಂಡರೆ, ಗುಡ್ಡದ ಗಾಯ ಹೊಲಕ್ಕೆ ಇಳಿದಂತಾಯಿತು. ಇರುವ ಮಣ್ಣನ್ನು ಎಲ್ಲೆಡೆ ಬಳಿಯದೆ, ಅಡ್ಡಸಾಲಿನ ಪಟ್ಟಿಗಳಲ್ಲಿ, ನೆಡುವ ಗುಂಡಿಗಳಲ್ಲಿ ಒತ್ತಾಗಿ ಹಾಕಲಿ. ಸಾಲದ್ದಕ್ಕೆ ಕೆರೆಯ ಗೋಡಿದೆ, ತಿಪ್ಪೆಗೊಬ್ಬರವಿದೆ. ಅದಕ್ಕೆ ರೈತನಿಗೆ ಬೆಲೆ ಕೊಡಲಿ. ಆದರೆ ಅದಿರಿನ ಹೂಳು ಬೆರೆತ ಗೋಡು ಬೇಡ.

ಡಂಪರುಗಳು ತುಳಿದ ನೆಲ ಸಿಮೆಂಟಿನಂತೆ ಬಿಗಿದಿರುತ್ತದೆ. ಅದನ್ನು ಇಳಿಜಾರಿಗೆ ಅಡ್ಡವಾಗಿ ಸೀಳದೆ ಮಣ್ಣು ಸುರಿದರೆ ಮೊದಲ ಜಡಿಮಳೆಗೇ ಎಲ್ಲವೂ ನಾರಿಹಳ್ಳದ ಕಡೆ ಹೊರಡುತ್ತದೆ. ಹಸಿ ಮಣ್ಣನ್ನು ಯಂತ್ರದಿಂದ ಕೆರೆಯುವುದೂ ತಪ್ಪು, ಅದು ಹೆಂಟೆಗಟ್ಟುತ್ತದೆ. ಬುಡಕ್ಕೆ ಕಲ್ಲಿನ ತಡೆಗೋಡೆ ಬೇಕು. ಗಣಿ ನಿಂತಾಗ ಕೆಲಸ ಕಳೆದುಕೊಂಡ ನಮ್ಮ ಜನ ಈ ಗೋಡೆ ಕಟ್ಟಬಲ್ಲರು, ಬದು ಹಾಕಬಲ್ಲರು. ಹೊರಗಿನವರನ್ನು ಕರೆತರುವ ಅಗತ್ಯವೇನು?

ಇಷ್ಟಾದ ಮೇಲೆ ಗಿಡ. ಮೊದಲ ವರ್ಷ ಹುಲ್ಲು, ತಂಗಡಿ, ಬಂದರಿಕೆ. ಆಮೇಲೆ ದಿಂಡಿಗ, ಕಮರ, ಹೊಂಗೆ. ಕುರಿ ಕಾಯುವ ಹಿರಿಯರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಅವರನ್ನು ಇಂದಿನವರೆಗೆ ಯಾರೂ ಕೇಳಿಲ್ಲ.

ನಮ್ಮ ಬೇಡಿಕೆ ಒಂದೇ. ಪ್ರತಿಯೊಂದು ಗುತ್ತಿಗೆಯ ಮೇಲ್ಮಣ್ಣಿನ ಆಳ, ಪ್ರಮಾಣ, ಇರಿಸಿದ ಸ್ಥಳ, ಹರಡುವ ವರ್ಷ, ಇವನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು. ಅವರು ಓದುವ ತನಕ ನಾವು ಕೈಕಟ್ಟಿ ಕೂರುವುದು ಬೇಡ. ಊರಿಗೆ ಇಬ್ಬರು ಓದುಬಲ್ಲ ಯುವಕರು ಬೇಕು, ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ. ಗುಡ್ಡದ ಅಂಚಿನಲ್ಲಿ ಮಣ್ಣು ಎಷ್ಟಿದೆಯೆಂದು ಮುಂಗಾರಿಗೆ ಮುಂಚೆ ನಾವೇ ಅಳೆದು ಬರೆದಿಡೋಣ. ಹೆಸರು ಕೊಡುವವರು ಸಭೆ ಮುಗಿದ ಮೇಲೆ ಈ ಬೇವಿನ ಮರದ ಹತ್ತಿರ ನಿಲ್ಲಿ.